ಗೋಣೆಪ್ಪನ ರುಮಾಲು ಇಳಿದ ದಿನ

ಬೆಟಗೇರಿಯ ಗೋಣೆಪ್ಪ ಪ್ಯಾಟೆಗೆ ಹೋಗುವುದು ಕೈಬೀಸಿಕೊಂಡು, ಬರುವುದು ಹತ್ತು ಬೆರಳಿಗೆ ಹತ್ತು ಪ್ಲಾಸ್ಟಿಕ್ ಚೀಲ ತೂಗಾಡಿಸಿಕೊಂಡು. ಅಂಗಡಿಗಳಲ್ಲಿ ಪುಕ್ಕಟೆ ಚೀಲ ಬಂದ್ ಆಗಿ ತಿಂಗಳಾದರೂ ಆತ ಬಗ್ಗಿರಲಿಲ್ಲ.

ಅಂದು ಮಗಳು ಅನ್ನಪೂರ್ಣಳನ್ನು ನೋಡಲು ಅಸುಂಡಿಯಿಂದ ಗಂಡಿನವರು ಬರುವವರಿದ್ದರು. ಹೆಂಡತಿ ಮರಿಯವ್ವ ಅರಿವೆಯ ಚೀಲ ಚಾಚಿದಳು.

"ಹಿಡ್ಕೋರಿ. ಮೂರು ಸಂಬಂಧ ತಪ್ಪ್ಯಾವ, ಇದೊಂದಾದ್ರೂ ಕೂಡ್ಲಿ. ಜಲ್ದಿ ಬರ್ರಿ."

"ಸಾಮಾನು ಮಾರಾವ ಚೀಲಾ ಕೊಡಬೇಕು! ನನ್ನ ಹೆಣಾನೂ ಚೀಲಾ ಹಿಡಿಯೂದಿಲ್ಲ!"

ಅಂಗಡಿಯ ಬುಡ್ಡೇಸಾಬನ ಮುಂದೆಯೂ ಅದೇ ರಾಗ.

"ಚೀಲಾ ಬಂದ್ ಆಗ್ಯಾವ್ರಿ ಕಾಕಾ. ಅರಿವೀದು ಐತಿ, ಹತ್ತು ರೂಪಾಯಿ."

"ಗದಗ ಜಿಲ್ಲಾ ಆಗಬೇಕಂತ ರಸ್ತೇದಾಗ ಧರಣಿ ಕುಂತಾಂವ ನಾನು! ನಿನ್ನ ಚೀಲಕ್ಕ ಬಗ್ಗತೀನೇನಲೇ?"

ಅಂದವನೇ ತಲೆಯ ರುಮಾಲನ್ನು ಸರಸರ ಬಿಚ್ಚಿ ನೆಲಕ್ಕೆ ಹಾಸಿದ. ಆ ರುಮಾಲು ಹಾಡಹಗಲು ತಲೆಯಿಂದ ಇಳಿದದ್ದು ಎರಡೇ ಸಲ: ಅಪ್ಪ ಸತ್ತಾಗೊಮ್ಮೆ, ಅವ್ವ ಸತ್ತಾಗೊಮ್ಮೆ. ಓಣಿಗೆಲ್ಲ ಅದು ಗೊತ್ತು. ಚುರುಮುರಿ, ತೆಂಗಿನಕಾಯಿ, ಹೂವು, ಉದಬತ್ತಿ ಸುರಿದು, ಮೇಲೆ ಖಾರಪುಡಿಯ ಪೊಟ್ಟಣ ಇಟ್ಟು ಕಟ್ಟಿದರೆ ಗಂಟು ಎಮ್ಮೆಕರುವಿನಷ್ಟಾಯಿತು. ಅದನ್ನು ಹೆಗಲಿಗೇರಿಸಿದ. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಎಣ್ಣೆ ಬಾಟಲಿ. ಗಂಟಿನ ತುದಿಗಳನ್ನು ಹಲ್ಲಿನಿಂದ ಕಚ್ಚಿ ಹಿಡಿದ.

ಎರಡು ಹೆಜ್ಜೆಗೆ ಖಾರಪುಡಿಯ ಪೊಟ್ಟಣ ಒಡೆಯಿತು. ಕಣ್ಣಿನಿಂದ ಇಡೀ ತುಂಗಭದ್ರೆ ಇಳಿಯಿತು.

ಓಣಿಯ ಮೂಲೆಯಲ್ಲಿ ವಿರೂಪಾಕ್ಷಪ್ಪ ನಿಂತಿದ್ದ. ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಆ ಖಬರನ್ನು ಊರಿಗೆ ಮುಟ್ಟಿಸುವ ಮನುಷ್ಯ. ಬರಿದಲೆ, ಹರಿಯುವ ಕಣ್ಣು, ಗಂಟಿನಿಂದ ಇಣುಕುವ ಹೂವು, ಉದಬತ್ತಿ ನೋಡಿ ಆತ ದಾರಿಗೆ ಅಡ್ಡ ಬಂದ.

"ಯಪ್ಪಾ ಗೋಣೆಪ್ಪ! ಮರಿಯವ್ವಗ ಮೊನ್ನೆ ಜ್ವರಾ ಬಂದಿತ್ತು... ಹೋದ್ಲೇನೋ?"

"ಮ್ಮ್! ಮ್ಮ್!" ಬಾಯಿ ಬಿಟ್ಟರೆ ಗಂಟು ಬಿಚ್ಚುತ್ತದೆ, ಗಂಟು ಬಿಚ್ಚಿದರೆ ಬುಡ್ಡೇಸಾಬ ಗೆದ್ದ ಹಾಗೆ. ಗೋಣೆಪ್ಪ ತಲೆಯನ್ನಷ್ಟೇ ಜೋರಾಗಿ ಅಲ್ಲಾಡಿಸಿದ. ಖಾರ ಇನ್ನಷ್ಟು ಹಾರಿತು, ನೀರು ಇನ್ನಷ್ಟು ಸುರಿಯಿತು.

"ಪಾಪ, ದುಃಖಕ್ಕ ಮಾತಽ ಹೊಂಡವಲ್ದು!" ವಿರೂಪಾಕ್ಷಪ್ಪ ಸಂದಿ ಹಿಡಿದು ಓಡಿದ.

ಗೋಣೆಪ್ಪ ಮನೆ ಮುಟ್ಟುವಷ್ಟರಲ್ಲಿ ಬಾಗಿಲ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲವೆಂದು ಹದಿನೇಳು ಮನೆಯವರು ರೊಟ್ಟಿ, ಝುಣಕ, ಅನ್ನ, ಸಾರನ್ನು ತಮ್ಮ ತಮ್ಮ ಅರಿವೆ ಚೀಲದಲ್ಲಿಟ್ಟು ತಂದಿದ್ದರು. ಪಕ್ಕದ ಮನೆಯ ಗುಲಾಬಬಿ ಕಟ್ಟೆಯ ಮೇಲೆ ಎದೆ ಬಡಿದುಕೊಳ್ಳುತ್ತಿದ್ದಳು.

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಮರಿಯವ್ವ ಅಳು ಕೇಳಿ ಓಡಿಬಂದು, ಗುಲಾಬಬಿಯ ಪಕ್ಕ ಕುಳಿತು ತಾನೂ ಗಂಟಲು ಬಿಚ್ಚಿ ಅತ್ತಳು. ಮನಸಾರೆ ಅತ್ತ ಮೇಲೆ ಮೂಗು ಒರೆಸಿಕೊಂಡು ಕೇಳಿದಳು:

"ಯಾರು ಹೋದ್ರವಾ?"

"ನೀನಽ ಯಕ್ಕಾ..." ಎಂದು ತಿರುಗಿ ನೋಡಿದ ಗುಲಾಬಬಿ ಮೂರು ಮೊಳ ಮೇಲಕ್ಕೆ ಹಾರಿದಳು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಗಂಡಿನವರು ಕಾಣಿಸಿದರು.

"ಕಣ್ಣು ಒರೆಸ್ಕೋರಿ ಎಲ್ಲಾರೂ!" ಮರಿಯವ್ವ ಗುಡುಗಿದಳು. "ಸತ್ತ ಸುದ್ದಿ ಎತ್ತಿದಾವನ್ನ ಈಗಽ ಮಣ್ಣು ಮಾಡ್ತೀನಿ!"

ಗೋಣೆಪ್ಪ ಗಡಿಬಿಡಿಯಲ್ಲಿ ಸಾಮಾನು ಕೆಡವಿ ಅದೇ ರುಮಾಲನ್ನು ಸುತ್ತಿಕೊಂಡ. ಖಾರ ನೆತ್ತಿಗೇರಿ ಮತ್ತೆ ಕಣ್ಣೀರು ಕಿತ್ತುಕೊಂಡಿತು. ಹುಡುಗನ ತಂದೆ ಲಕ್ಕಪ್ಪ ಕರಗಿಹೋದ.

"ಮಗಳ ಮ್ಯಾಲೆ ಏನು ಮಾಯಾ, ಏನು ಮಮತಾ! ನೋಡಾಕ ಬಂದ್ರಽ ಇಷ್ಟು ಅಳ್ತಾರ! ಮ್ಯಾಲೆ ಇಡೀ ಓಣೀನಽ ಅಡಗಿ ಮಾಡಿ ತಂದೈತಿ! ಇಂಥಾ ಮನಿ ಎಲ್ಲಿ ಸಿಗಬೇಕು?"

ಸತ್ತವಳೇ ನಿಂತು ಬಡಿಸಿದಳು. ಉಂಡು ಎದ್ದರು, ಸಂಬಂಧ ಕೂಡಿತು.

ಬೀಗರು ಬಸ್ಸಿಗೆ ಹೊರಟ ಮೇಲೆ ಮರಿಯವ್ವ ಹದಿನೇಳು ಖಾಲಿ ಚೀಲ ತಂದು ಗಂಡನ ಮುಂದೆ ಒಗೆದಳು.

"ಮನಿಮನಿಗೆ ಮುಟ್ಟಿಸಿ ಬರ್ರಿ. ಇಲ್ಲಂದ್ರ ನಾ ಖರೇನಽ ಹೋಗ್ತೀನಿ, ತವರ್ಮನಿಗೆ!"

ಗೋಣೆಪ್ಪ ಕೊರಳಿಗೆ, ಹೆಗಲಿಗೆ, ತೋಳಿಗೆ ಚೀಲ ನೇತುಹಾಕಿಕೊಂಡು ಹೊರಟ. ಎರಡೂ ಕೈ ಮೇಲೆತ್ತಿ ಓಣಿಗೆ ಕೇಳುವಂತೆ ಒದರಿದ: "ನೋಡ್ರಿ, ನಾ ಹಿಡದಿಲ್ಲ! ಅವಽ ಜೋತು ಬಿದ್ದಾವ!"

ಬಸ್ಸಿಗೆ ಕಾಯುತ್ತಿದ್ದ ಲಕ್ಕಪ್ಪ ಓಣಿಯ ಮೂಲೆಯಿಂದ ನೋಡಿ ಕಣ್ಣರಳಿಸಿದ.

"ಬೀಗರಽ! ಚೀಲದ ವ್ಯಾಪಾರ ಅಂತ ಮೊದಲಽ ಹೇಳಬಾರದೇನ್ರಿ? ಅದಕ್ಯಾಕ ನಾಚಿಕಿ? ನಮಗ ಮತ್ತೇನೂ ಬ್ಯಾಡ. ಮದುವಿಗೆ ಬಂದ ಸಾವಿರ ಮಂದಿಗೂ ನಿಮ್ಮ ಕೈಲೆ ಒಂದೊಂದು ಚೀಲಾ ಕೊಡ್ರಿ, ಸಾಕು!"

ಗೋಣೆಪ್ಪ ಬಾಯಿ ತೆರೆದ. ಈ ಸಲ ಹಲ್ಲಿನ ನಡುವೆ ಗಂಟಿರಲಿಲ್ಲ. ಆದರೂ ಹೊರಬಂದದ್ದು ಅದೊಂದೇ:

"ಮ್ಮ್."