ಅಕ್ಕನ ಅಂಗಡಿಗೆ ಹೊಸ ವಿಂಡೋಸ್

ಹೊಸ ವಿಂಡೋಸ್ ಹಾಕಿಸಿದರೆ ಅಕ್ಕನ ಅಂಗಡಿ ಮುಚ್ಚಿಹೋಗುತ್ತದೆ ಎಂದು ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ನಂಬಿದ್ದರು. ಟೀ ಅಂಗಡಿಯವನು ನಂಬಿದ್ದ, ಪಕ್ಕದ ಫೋಟೋ ಸ್ಟುಡಿಯೋದವನು ನಂಬಿದ್ದ, ಅಕ್ಕನೂ ನಂಬಿದ್ದರು.

ಅಕ್ಕ ಎಂದರೆ ನನ್ನ ಅಕ್ಕ ಅಲ್ಲ, ಬಸ್ ಸ್ಟ್ಯಾಂಡಿಗೆಲ್ಲ ಅಕ್ಕ. ಲಗ್ನಪತ್ರಿಕೆ ಮಾಡಿಕೊಡುತ್ತಾರೆ. ಅವರ ಹಳೇ ಕಂಪ್ಯೂಟರಿನಲ್ಲಿದ್ದ ದುಂಡನೆಯ ಕನ್ನಡ ಅಕ್ಷರಗಳಿಗಾಗಿಯೇ ಹುಳಿಯಾರಿನ ಕಡೆಯಿಂದಲೂ ಜನ ಬರುತ್ತಿದ್ದರು. ಆ ಅಕ್ಷರಗಳು ಹೊಸದರಲ್ಲಿ ಓಡುವುದಿಲ್ಲ. ಹಾಗಂತ ಹಳೆಯದನ್ನೇ ಇಟ್ಟುಕೊಳ್ಳುವ ಹಾಗೂ ಇಲ್ಲ. ಈಗಿನ ಬೀಗರು ಪತ್ರಿಕೆಯನ್ನು ಮೊದಲು ಫೋನಿಗೆ ಕಳಿಸಿ ಎನ್ನುತ್ತಾರೆ, ಹಳೆಯದಕ್ಕೆ ಇಂಟರ್‌ನೆಟ್ಟಿನ ಪರಿಚಯವೇ ಇಲ್ಲ.

"ಅಂಗ್ಡಿ ಹೋದ್ರೆ ಮನೇಲಿ ಕೂತ್ಕಂಡು ಇವ್ರ ಮುಖ ನೋಡ್ಬೇಕು ಕಣಪ್ಪ," ಎಂದರು ಅಕ್ಕ. ಇವರು, ಅಂದರೆ ಯಜಮಾನರು, ಪಕ್ಕದಲ್ಲೇ ಕೂತಿದ್ದರು.

ನಾನು ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಓದಿದ್ದು ಎಂ.ಎಸ್ಸಿ. ಭೌತಶಾಸ್ತ್ರ. ಅದು ಈ ಕೆಲಸಕ್ಕೆ ಉಪಯೋಗವಾದದ್ದನ್ನು ಇನ್ನೂ ಕಂಡಿಲ್ಲ. ಸಿಸ್ಟಮ್ ಬದಲಾಯಿಸುವ ಕಡೆ ಏನಾದರೊಂದು ಆಗುತ್ತಲೇ ಇರುತ್ತದೆ. ಅಕ್ಕನ ಅಂಗಡಿಯಲ್ಲಿ ಎಲ್ಲವೂ ಆಯಿತು.

ಮನೆದೇವರು

ಹೊಸ ವಿಂಡೋಸ್ ಹಾಕಿ ನಾನು ತಂದಿದ್ದ ಹೊಸ ಕಂಪ್ಯೂಟರ್ ಆನ್ ಆದ ಕೂಡಲೇ ಪಾಸ್‌ವರ್ಡ್ ಕೇಳಿತು. ಶುಭಕಾರ್ಯ ಎಂದು ಅಕ್ಕ ಮನೆದೇವರ ಹೆಸರು ಒತ್ತಿದರು. ಪರದೆಯ ಮೇಲೆ ಕೆಂಪು ಪಟ್ಟಿಯಲ್ಲಿ ಏನೋ ಬಂತು.

"ಏನಂತದೆ?"

"ವೀಕ್ ಅಂತದೆ."

ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡರು. "ನಮ್ಮನೆ ದೇವ್ರನ್ನ?"

ದೇವರ ವಿಷಯವಲ್ಲ, ಜೊತೆಗೆ ಅಂಕಿ ಮತ್ತು ಚಿಹ್ನೆ ಬೇಕು ಎಂದೆ. ದೇವರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಲು ಅವರು ಒಪ್ಪಲಿಲ್ಲ. ನ್ಯಾಯವೇ. ಕೊನೆಗೆ ಯಜಮಾನರ ಹೆಸರು ಹಾಕಿ, ಅಂಕಿ ಹಾಕಿ, ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದೆವು. ಪಟ್ಟಿ ಹಸಿರಾಯಿತು.

"ಈಗೇನಂತದೆ?"

"ಸ್ಟ್ರಾಂಗ್ ಅಂತದೆ."

ಅಕ್ಕ ಯಜಮಾನರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. "ಇದಕ್ಕೆ ಏನೂ ಗೊತ್ತಾಗಲ್ಲ ಕಣಪ್ಪ," ಎಂದರು.

ಅಲ್ಲಾಡಿಸಿ ನೋಡುವುದು

ಯಜಮಾನರದು ತೆಂಗಿನ ತೋಟ. ನಮ್ಮ ಕಡೆ ಕಾಯಿಯನ್ನು ಹೆಚ್ಚುಕಮ್ಮಿ ವರ್ಷದವರೆಗೆ ಅಟ್ಟದ ಮೇಲೆ ಹಾಕಿಡುತ್ತಾರೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನುತ್ತದೆ. ಸದ್ದು ಬಂದರೆ ಸುಲಿಯಬಹುದು. ಬರದಿದ್ದರೆ ವಾಪಸ್ ಅಟ್ಟಕ್ಕೆ.

ಹಳೇ ಪತ್ರಿಕೆಗಳಿಗೆಂದು ಹೊಸ ಕಂಪ್ಯೂಟರಿಗೆ ಹಾಕಬೇಕಿದ್ದ ಇನ್ನೊಂದು ಡಿಸ್ಕನ್ನು ಅವರ ಕೈಗೆ ಕೊಟ್ಟು ತಂತಿ ಹುಡುಕುತ್ತಿದ್ದೆ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಈಗಿನ ಡಿಸ್ಕುಗಳಲ್ಲಿ ತಿರುಗುವಂಥದ್ದು ಏನೂ ಇರುವುದಿಲ್ಲ.

"ಇದು ಇನ್ನೂ ಹಸಿ ಕಣ್ರೀ. ವಾಪಸ್ ಕೊಟ್ಬುಡಿ," ಎಂದರು.

ಸದ್ದಿಲ್ಲದಿರುವುದೇ ಒಳ್ಳೆಯದು ಎಂದು ವಿವರಿಸಿದೆ. ಪಾಪ, ಎಂ.ಎಸ್ಸಿ. ಎಂಬ ಮುಖ ಮಾಡಿ ಕೇಳಿಸಿಕೊಂಡರು. ಆಮೇಲೆ ಹಳೇ ಡಿಸ್ಕ್ ತೆಗೆದು ನನ್ನ ಕಿವಿಗೆ ಹಿಡಿದರು. ಲೊಡಲೊಡ.

"ಕೇಳಿಸ್ತಾ? ಮಾಲು ಅಂದ್ರೆ ಇದು."

"ಯಾವಾಗಿನಿಂದ ಈ ಸದ್ದು?"

"ಮೊದ್ಲು ಇರ್ಲಿಲ್ಲ. ಬೆಳಿಗ್ಗೆ ಚೆನ್ನಾಗಿ ಅಲ್ಲಾಡಿಸ್ದೆ ನೋಡಿ, ಆವಾಗ ಬಂತು."

ಅದರಲ್ಲಿದ್ದ ಪತ್ರಿಕೆಗಳನ್ನೆಲ್ಲ ನಾನು ಹಿಂದಿನ ದಿನವೇ ಬೇರೆ ಕಡೆ ತೆಗೆದಿಟ್ಟಿದ್ದೆ. ಅದು ವಿದ್ಯೆಯಲ್ಲ, ಈ ಕಡೆಯ ಯಜಮಾನರುಗಳ ಪರಿಚಯ.

ಓದಿದ ಬೀಗರು

ಹೊಸ ಕಂಪ್ಯೂಟರಿಗೆ ಮೊದಲ ಗಿರಾಕಿ ಹುಳಿಯಾರಿನ ಆಚೆಯ ಹಟ್ಟಿಯೊಂದರ ಅಜ್ಜ. ಕಂಬಳಿ ಹೆಗಲಿಗೆ, ಮೊಮ್ಮಗಳ ಮದುವೆ. ಮೊಮ್ಮಗನಿಗೆ ಮಾಡಿಸಿದ್ದ ಪತ್ರಿಕೆಯ ಹಾಗೆಯೇ ಬೇಕು ಎಂದರು. ಅಕ್ಕ ಆ ಹಳೇ ಪತ್ರಿಕೆಯನ್ನು ತೆರೆದರು.

ಗಣಪತಿ ಸರಿಯಾಗಿ ಬಂದ. ಮಾವಿನ ತೋರಣ ಬಂತು. ಅದರ ಕೆಳಗೆ ಕನ್ನಡವಿರಲಿಲ್ಲ. ಕೊಂಬು, ಚುಕ್ಕೆ, ಬಾಲ ಬಂದ ಇಂಗ್ಲಿಷ್ ಅಕ್ಷರಗಳು ಗುಂಪಾಗಿ ನಿಂತಿದ್ದವು. ಅಕ್ಕ ಪರದೆಯನ್ನು ಸೆರಗಿನಿಂದ ಒರೆಸಿ ನೋಡಿದರು. ಫೋಟೋ ಸ್ಟುಡಿಯೋದವನು ಇಣುಕಿ, "ನಾನ್ ಹೇಳ್ಲಿಲ್ವಾ ಅಕ್ಕಾ?" ಎಂದ. ಇವನ ಭವಿಷ್ಯ ನಿಜವಾಗುವುದು ಅಪರೂಪ, ಸಂತೋಷ ಮುಚ್ಚಿಡಲು ಆಗಲಿಲ್ಲ.

ಅಜ್ಜ ಪರದೆಯನ್ನು ಬಗ್ಗಿ ನೋಡಿದರು. "ಇದ್ಯಾವ ಭಾಷೆ ಮಗ?"

"ಯಾವುದೂ ಅಲ್ಲ ಅಜ್ಜ. ಯಾರಿಗೂ ಓದೋಕಾಗಲ್ಲ," ಎಂದೆ.

"ಹಂಗಾದ್ರೆ ಬೀಗ್ರಿಗೆ ಕೊಡೋವನ್ನ ಇದ್ರಲ್ಲೇ ಹಾಕ್ಬುಡು. ಗಂಡು ಅಷ್ಟು ಓದವ್ನೆ, ಇಷ್ಟು ಓದವ್ನೆ ಅಂತ ಆರು ತಿಂಗ್ಳಿಂದ ಕೊರೀತಾವ್ರೆ. ಓದ್ಕಳ್ಳಿ."

ಅಕ್ಕನೂ ನಕ್ಕರು. ಆ ವಾರ ಅವರು ನಕ್ಕಿದ್ದು ಅದೊಂದೇ ಸಲ.

ಪರಿಚಯವಿಲ್ಲದ ಕಂಪ್ಯೂಟರ್

ಹಳೇ ಪತ್ರಿಕೆಗಳನ್ನು ಹೊಸ ಅಕ್ಷರಕ್ಕೆ ಬದಲಾಯಿಸುವ ಒಂದು ಪ್ರೋಗ್ರಾಮ್ ಹಾಕಿಕೊಟ್ಟೆ. ಅಜ್ಜನ ಪತ್ರಿಕೆ ಚೆನ್ನಾಗಿಯೇ ಬಂತು. ಆಮೇಲೆ ಕಂದಿಕೆರೆಯ ಅಣ್ಣತಮ್ಮಂದಿರ ಮನೆಯದು ಬಂತು.

ಲಗ್ನಪತ್ರಿಕೆಯ ಕೊನೆಯಲ್ಲಿ ಸುಖಾಗಮನ ಬಯಸುವವರ ಹೆಸರುಗಳಿರುತ್ತವಲ್ಲ, ಊರಿನ ಎಲ್ಲ ಜಗಳಗಳೂ ಅಲ್ಲಿ ಹುಟ್ಟುತ್ತವೆ. ಈ ಮನೆಯಲ್ಲಿ ಯಾರ ಹೆಸರು ಮೊದಲು ಎಂಬುದರ ಮೇಲೆ ಅಣ್ಣತಮ್ಮಂದಿರು ಹಿಂದಿನ ಮದುವೆಯಿಂದ ಮಾತು ಬಿಟ್ಟಿದ್ದರು. ಅಕ್ಕ ಹೆಸರುಗಳನ್ನು ಎಚ್ಚರಿಕೆಯಿಂದಲೇ ಹೊಡೆದಿದ್ದರು. ಉದ್ದ ಪಟ್ಟಿ ಕಂಡರೆ ಸುಮ್ಮನಿರದ ಪ್ರೋಗ್ರಾಮ್ ಯಾರನ್ನೂ ಕೇಳದೆ ಅವನ್ನು ಅಕಾರಾದಿಯಲ್ಲಿ ಜೋಡಿಸಿತ್ತು. ಅದು ಗೊತ್ತಾದದ್ದು ಪತ್ರಿಕೆ ಅಚ್ಚಾಗಿ ಕಂದಿಕೆರೆ ಸೇರಿದ ಮೇಲೆ.

ಮೊನ್ನೆ ನಾಮಕರಣವಾದ ಕೂಸು ಎಲ್ಲರಿಗಿಂತ ಮೇಲಿತ್ತು. ಅದರ ಕೆಳಗೆ ಸೊಸೆಯಂದಿರು. ಅಣ್ಣತಮ್ಮಂದಿರ ಹೆಸರು ಎರಡೂ ವರ್ಣಮಾಲೆಯ ತುದಿಯವು. ಕಟ್ಟಕಡೆಯ ಸಾಲಿನಲ್ಲಿ ಅಕ್ಕಪಕ್ಕ ಕೂತಿದ್ದರು.

ಅಂಗಡಿಯ ಮೇಲಿನ ಸಿಟ್ಟಿಗೆ ಇಬ್ಬರೂ ಒಂದೇ ಬೈಕಿನಲ್ಲಿ ಬಂದರು, ಮುಖ ಮಾತ್ರ ಒಂದೊಂದು ಕಡೆ. ನಾನು ಅಲ್ಲೇ ಇದ್ದೆ. "ಇವತ್ತಿಗೆ ಮುಗೀತು ಕಣಪ್ಪ ಅಂಗ್ಡಿ," ಎಂದು ಅಕ್ಕ ಎದ್ದು ನಿಂತರು.

ಅಣ್ಣ ಪತ್ರಿಕೆಯನ್ನು ಟೇಬಲ್ಲಿನ ಮೇಲೆ ಬಡಿದರು. "ಯಾರಮ್ಮ ಹಿಂಗೆ ಹಾಕಿದ್ದು?"

"ಕಂಪ್ಯೂಟ್ರು ಕಣಣ್ಣ," ಎಂದು ಅಕ್ಕ ನನ್ನನ್ನು ತೋರಿಸಿದರು.

ನಾನು ಹೇಳಿದೆ, "ಅದು ಬರೀ ಅಕ್ಷರ ನೋಡಿ ಜೋಡಿಸುತ್ತೆ. ನೀವ್ಯಾರು ಅಂತ ಅದಕ್ಕೆ ಗೊತ್ತಿಲ್ಲ."

ತಮ್ಮ ಕೇಳಿದ, "ನಮ್ ದೊಡ್ಡಪ್ಪ ಗೊತ್ತಿಲ್ವಾ?"

"ಇಲ್ಲ."

"ಬದುವಿನ ಮರದ ಗಲಾಟೆ?"

"ಅದೂ ಗೊತ್ತಿಲ್ಲ."

ಇಬ್ಬರೂ ಮತ್ತೊಮ್ಮೆ ಪತ್ರಿಕೆ ನೋಡಿದರು. ಅಣ್ಣ ತಮ್ಮನ ಕಡೆ ತಿರುಗಿದರು. "ಏನೂ ಗೊತ್ತಿಲ್ದೋನು ಹೇಳಿದ್ರೆ ಒಪ್ಕಬೋದು ಕಣ್ಲಾ."

"ಹೂಂ ಕಣಣ್ಣ. ಅದಕ್ಕೇನ್ ದಾಯಾದಿಗಳವ್ರಾ?"

ಹಿಂದಿನ ಮದುವೆಯಾದ ಮೇಲೆ ಅವರಾಡಿದ ಮೊದಲ ಮಾತು ಅದು. ಮತ್ತೆ ಅಚ್ಚು ಹಾಕಿಕೊಡುತ್ತೇನೆ ಎಂದರು ಅಕ್ಕ. "ಬ್ಯಾಡ ಬುಡಮ್ಮ, ತಿರ್ಗ ಅಚ್ಚಾಕಿದ್ರೆ ತಿರ್ಗ ಜಗಳ," ಎಂದು ಹೋಗಿ ಟೀ ಕುಡಿದರು. ಒಂದೇ ಬೆಂಚಿನಲ್ಲಿ.

ಸ್ವಲ್ಪ ದಿನಕ್ಕೆ ಅರಳಗುಪ್ಪೆಯಿಂದ ಒಬ್ಬರು ಬಂದರು. "ಯಾರ ಪರಿಚಯವೂ ಇಲ್ಲದ ಕಂಪ್ಯೂಟರ್ ಇದೆಯಂತಲ್ಲ, ಇದೇನಾ?" ಎಂದು ಕೇಳಿದರು. ಅವರ ಹಿಂದೆ ಇನ್ನೊಬ್ಬರು. ಊಟದ ಪಂಕ್ತಿಯನ್ನೂ ಅದರ ಕೈಲೇ ಜೋಡಿಸಿಕೊಡಿ ಎಂದವರೂ ಇದ್ದಾರೆ. ಅಕ್ಷರ ಮೊದಲಿನಷ್ಟು ದುಂಡಗಿಲ್ಲ ಎಂದು ಈವರೆಗೆ ಯಾರೂ ಹೇಳಿಲ್ಲ.

ಅಕ್ಕನ ಅಂಗಡಿ ಈಗ ಭಾನುವಾರವೂ ತೆಗೆದಿರುತ್ತದೆ.