ಆಗಲಿರಾಯರು ಬೇಡ ಎಂದ ದಿನ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಲೋಟ ನೀರು. ನಡುಮನೆಯ ನುಣ್ಣನೆಯ ಹಳೆಯ ಸಿಮೆಂಟು ನೆಲದ ಮೇಲೆ ಅದು ಚೆಲ್ಲಿತು. ಅದರ ಮೇಲೆ ಆಗಲಿರಾಯರ ಹೆಂಡತಿ ಕಾಲಿಟ್ಟರು. ಕಾಲು ಒಂದು ದಿಕ್ಕಿಗೆ ಹೋಯಿತು, ಅವರು ಇನ್ನೊಂದು ದಿಕ್ಕಿಗೆ ಹೋದರು. ಪಾದಕ್ಕೆ ಪಟ್ಟಿ ಸುತ್ತಿಸಿಕೊಂಡು ಅಕ್ಕನ ಮನೆಗೆ ಹೊರಟವರು ಕಾರು ಹತ್ತುವ ಮುಂಚೆ ಬೆರಳೆತ್ತಿ ಹೇಳಿದರು:

"ನೆಲಕ್ಕೆ ಕಪ್ಪು ಟೈಲ್ಸು ಹಾಕ್ಸಿ. ಒರಟಾಗಿರೋ ಕಪ್ಪು. ಬೇರೆ ಏನಾದ್ರೂ ಕಣ್ಣಿಗೆ ಬಿತ್ತೋ, ಬಾಗಿಲಿಂದ್ಲೇ ಅಕ್ಕನ ಮನೆಗೆ ವಾಪಸ್ಸು."

"ಆಗಲಿ" ಎಂದರು ರಾಯರು.

ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯವರು ಅದನ್ನು ಎಂದೋ ಮರೆತಿದ್ದರು. ಯಾರು ಏನೆಂದರೂ 'ಆಗಲಿ' ಎನ್ನುವುದರಿಂದ ಆಗಲಿರಾಯರು. ಹೆಂಡತಿ ನೀಲಿ ಪರದೆ ತನ್ನಿ ಎಂದರೆ ಆಗಲಿ. ದಾರಿಯಲ್ಲಿ ಪಕ್ಕದ ಮನೆಯ ಹೆಡ್‌ಮೇಷ್ಟರು ಸಿಕ್ಕಿ ಹಳದಿಯೇ ಚೆಂದ ಎಂದರೆ ಅದಕ್ಕೂ ಆಗಲಿ. ಮನೆಗೆ ಹಳದಿ ಬರುತ್ತಿತ್ತು. ಮಂಚ ಮಾಡಿಸಲು ಹೋಗಿ ಬಡಗಿಯ ಮಾತಿಗೆ ತಲೆದೂಗಿ ಬೆಂಚು ಹೊರಿಸಿಕೊಂಡು ಬಂದಿದ್ದರು. ಮದುವೆಯಾದಂದಿನಿಂದ ಆ ಹೆಣ್ಣುಮಗಳು ಕೇಳಿದ್ದು ಕೇಳಿದ ಹಾಗೆ ಒಮ್ಮೆಯೂ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ. ಕಾರಿನಲ್ಲಿ ಕುಳಿತು ಕಾಲು ನೀವಿಕೊಳ್ಳುತ್ತಿದ್ದ ಹೆಂಡತಿಯನ್ನು ರಾಯರು ನೋಡಿದರು. "ಇದೊಂದು ಸಲ ನನ್ನ ನಾಲಿಗೆ ಗಟ್ಟಿ ಮಾಡು, ತಂದೇ" ಎಂದು ಕಣ್ಣು ಮುಚ್ಚಿ ದೇವರನ್ನು ಬೇಡಿಕೊಂಡರು. ಯಾರಿಗೂ ಹೇಳದೆ ಅಂಗಡಿಗೆ ಓಡಿ ಕಪ್ಪು ಟೈಲ್ಸನ್ನೇ ತರಿಸಿದರು.

ಹೆಂಡತಿ ಮರಳುವ ದಿನ ಬೆಳಿಗ್ಗೆ ಟೈಲ್ಸಿನವನು ಬಂದ. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ರಬ್ಬರಿನ ಸುತ್ತಿಗೆ, ಮುಖದಲ್ಲಿ ಸಂನ್ಯಾಸಿಯ ಶಾಂತಿ.

"ಯಜಮಾನ್ರೇ, ಮೊದ್ಲೇ ಹೇಳ್ಬಿಡ್ತೀನಿ. ನೆಲದ ಕೆಲಸ ಅಂದ್ರೆ ಮನೆಗೊಬ್ಬರು ಬುದ್ಧಿ ಹೇಳೋಕೆ ಬರ್ತಾರೆ. ನಾನು ಯಾರ ಜೊತೆಗೂ ವಾದಕ್ಕೆ ಇಳಿಯಲ್ಲ. ಕೊನೇಲಿ ಯಾರ ಮಾತು ಕಿವಿಗೆ ಬಿತ್ತೋ, ಅದನ್ನೇ ಹಾಕ್ತೀನಿ."

"ಆಗಲಿ" ಎಂದುಬಿಟ್ಟರು ರಾಯರು. ಎಂದ ಮೇಲೆ ಹೊಳೆಯಿತು: ಸಂಜೆಯವರೆಗೆ ಈ ಮನೆಯಲ್ಲಿ ಕೊನೆಯ ಮಾತು ತಮ್ಮದೇ ಆಗಿರಬೇಕು! ಅಂಥ ಸ್ಥಿತಿ ಅವರ ಆಯುಷ್ಯದಲ್ಲೇ ಬಂದಿರಲಿಲ್ಲ.

ಕೆಲಸ ಅಡುಗೆಮನೆಯ ಬಾಗಿಲ ಬಳಿ ಶುರುವಾಯಿತು. ತೀರಿಕೊಂಡ ತಾಯಿ ಕುಳಿತು ತರಕಾರಿ ಹೆಚ್ಚುತ್ತಿದ್ದ ಜಾಗ ಅದು. ನೆಲ ಅಲ್ಲಿ ಸವೆದು ಕನ್ನಡಿಯಂತಾಗಿತ್ತು. ಅದರ ಮೇಲೆ ಗಾರೆ ಬಿದ್ದಾಗ ರಾಯರು ಮುಖ ಆಚೆ ತಿರುಗಿಸಿಕೊಂಡರು. ಒಂದೇ ಗಳಿಗೆ. ತಿರುಗಿ ನೋಡಿದರೆ ಹೆಡ್‌ಮೇಷ್ಟರು ನಡುಮನೆಯಲ್ಲಿ ನಿಂತಿದ್ದಾರೆ, ಕಂಕುಳಲ್ಲಿ ಹಲ್ಲಿನಂತೆ ಹೊಳೆಯುವ ಬಿಳಿಯ ಟೈಲ್ಸು!

"ಏನ್ರೀ ಇದು, ಕಪ್ಪಾ? ಮನೇನೋ ಕಲ್ಲಿದ್ದಲ ಗಣಿಯೋ? ಬಿಳಿ ಹಾಕಪ್ಪ, ಬೆಳಕು ಬರುತ್ತೆ."

"ಸರಿ" ಎಂದು ಟೈಲ್ಸಿನವನು ಕಪ್ಪನ್ನು ಕೆಳಗಿಟ್ಟ.

ರಾಯರ ಬಾಯಿಗೆ 'ಆ' ಬಂದೇಬಿಟ್ಟಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದ "ಬೇಡ!" ಎಂದರು.

ಮೇಷ್ಟರ ಕನ್ನಡಕ ಮೂಗಿನ ತುದಿಗೆ ಜಾರಿತು. "ಏನಂದ್ರಿ?"

"ಬೇಡ. ಕಪ್ಪು!" ರಾಯರಿಗೇ ತಮ್ಮ ದನಿ ಕೇಳಿ ಗಾಬರಿಯಾಯಿತು, ಬೇರೆ ಯಾರೋ ತಮ್ಮ ಗಂಟಲೊಳಗೆ ಬಾಡಿಗೆಗೆ ಬಂದಿದ್ದಾರೋ ಎನ್ನುವಂತೆ. ಮೇಷ್ಟರು ಟೈಲ್ಸನ್ನು ಎದೆಗವಚಿಕೊಂಡು ಹೊರಗೆ ಹೋದರು. ಆದರೆ ಮನೆಗೆ ಹೋಗಲಿಲ್ಲ, ಗೇಟಿನ ಬಳಿಯೇ ನಿಂತರು.

ರಾಯರು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ಆಘಾತ ಕಾದಿತ್ತು. ಕಪ್ಪು ಸಾಲಿನ ಪಕ್ಕದಲ್ಲಿ ಮರದ ಬಣ್ಣದ ಟೈಲ್ಸು ಕುಳಿತಿವೆ! ಮಹಡಿಯ ಮನೆಯಾಕೆ, ರಾಯರ ಹೆಂಡತಿಯ ಆಪ್ತ ಗೆಳತಿ, ಟೈಲ್ಸಿನ ಪೆಟ್ಟಿಗೆಗಳ ಮೇಲೆ ಮಹಾರಾಣಿಯಂತೆ ಕುಳಿತಿದ್ದಾಳೆ.

"ನಮ್ಮ ಮನೇಲಿ ಮಿಕ್ಕಿತ್ತು ಭಾವ. ನಿಮ್ಮ ನಡುಮನೆಗೆ ಸರಿಯಾಗಿ ಆಗುತ್ತೆ. ಜಾರೋದೂ ಇಲ್ಲ. ಆಗಲಿ ಅಂದ್ಬಿಡಿ."

"ಬೇಡಮ್ಮ. ಕೀಳಪ್ಪ ಅದನ್ನ."

"ಮರದ ಬಣ್ಣ!" ಎಂದಳು ಆಕೆ.

"ಕಪ್ಪು!"

"ಮರದ ಬಣ್ಣ!"

ಟೈಲ್ಸಿನವನ ಕೈ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಗಡಿಯಾರದ ಲೋಲಕದಂತೆ ಆಡಿತು. ಕೊನೆಗೆ ರಾಯರು ಆಕೆಯನ್ನು ಪೆಟ್ಟಿಗೆಗಳ ಸಮೇತ ಹೊರಗೆ ಸಾಗಿಸಿ, ಬಾಗಿಲಿಗೆ ಚಿಲಕ ಹಾಕಿ, "ಕಪ್ಪು, ಕಪ್ಪು, ಕಪ್ಪು" ಎಂದು ಜಪ ಮಾಡುತ್ತ ಅಡುಗೆಮನೆಯಲ್ಲಿ ಸ್ಟೂಲು ಹತ್ತಿ ಕುಳಿತರು. ಊಟವಿಲ್ಲ, ನೀರಿಲ್ಲ. ಬಾಯಿ ತುಂಬಿಕೊಂಡರೆ ಮಾತಾಡುವುದು ಹೇಗೆ?

ಮಧ್ಯಾಹ್ನ ಅಡುಗೆಮನೆಯ ಕಿಟಕಿಯಲ್ಲಿ ಮತ್ತೆ ಆಕೆಯ ಮುಖ ಮೂಡಿತು. ಈ ಸಲ ಕಣ್ಣಲ್ಲಿ ನೀರು. "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಕಪ್ಪು ಬೇಡ. ಯಾಕೆ ಅಂತ ಕೇಳ್ಬೇಡಿ. ಹೇಳಲ್ಲ ಅಂತ ಆಣೆ ಇಟ್ಟಿದೀನಿ."

ಹೆರವರ ಮನೆಯ ನೆಲಕ್ಕೆ ಕಣ್ಣೀರೇ! ರಾಯರು ದಂಗಾದರು. ಮನಸ್ಸು ಬೆಣ್ಣೆಯಾಗಿ ಕರಗಿ, ನಾಲಿಗೆ ತುದಿಗೆ ಮತ್ತೆ 'ಆ' ಬಂತು. ಹೆಂಡತಿಯ ಪಟ್ಟಿ ಸುತ್ತಿದ ಕಾಲು ನೆನಪಾಯಿತು. ಕಣ್ಣು ಮುಚ್ಚಿ ಕಿಟಕಿ ಹಾಕಿದರು.

ಸಂಜೆಗೆ ಕೆಲಸ ಮುಗಿಸಿ ಟೈಲ್ಸಿನವನು ಚಿಲಕ ತೆಗೆದು ಹೊಸ್ತಿಲಾಚೆ ಬಂದ. ನಡುಮನೆ ತುಂಬ ಕಪ್ಪೇ ಕಪ್ಪು. ನಾಳೆಯವರೆಗೆ ಯಾರೂ ತುಳಿಯುವ ಹಾಗಿಲ್ಲ; ರಾಯರು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೇ ಸೆರೆ. ಆದರೂ ಯುದ್ಧ ಗೆದ್ದ ಅರಸನಂತೆ ಬೀಗುತ್ತ ಕುಳಿತಿದ್ದರು. ಬಾಗಿಲ ಮುಂದೆ ಕಾರು ನಿಂತಿತು. ಹೆಂಡತಿ ಕೋಲೂರಿಕೊಂಡು ಹೊಸ್ತಿಲವರೆಗೆ ಬಂದು, ನೋಡಿ, ಕಲ್ಲಾಗಿ ನಿಂತರು.

"ನೋಡೇ!" ರಾಯರು ಅಡುಗೆಮನೆಯಿಂದ ಕೂಗಿದರು. "ನೀನು ಹೇಳಿದ್ದೇ! ಬೀದಿಗೆ ಬೀದಿಯೇ ಬಂದು ಅಡ್ಡ ನಿಂತ್ರೂ ಬೇಡ ಅಂದೆ ಕಣೇ!"

ಹೆಂಡತಿ ಮೆಲ್ಲನೆ ಗೆಳತಿಯ ಕಡೆ ತಿರುಗಿದರು. ಆಕೆ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಳು.

"ನಾನೇನು ಮಾಡ್ಲಿ ಅಕ್ಕ? ನೀವು ಆರಿಸಿ ಕಳಿಸಿದ ಮರದ ಬಣ್ಣದ್ದು, ನಮ್ಮನೇಲಿ ಮಿಕ್ಕಿದ್ದು ಅಂತ ಹೇಳಿ ಹಾಕಿಸೋಕೆ ಹೋದೆ. ಅತ್ತೂ ನೋಡ್ದೆ. ಜಗ್ಗಲಿಲ್ಲ."

ರಾಯರು ಸ್ಟೂಲಿನ ಮೇಲೆ ಎದ್ದು ನಿಂತರು. "ಮತ್ತೆ... ಕಪ್ಪು ಅಂದಿದ್ದು?"

"ಕಪ್ಪು ಕಂಡ್ರೆ ನಂಗೆ ಆಗಲ್ಲ ಕಣ್ರೀ!" ಎಂದರು ಹೆಂಡತಿ. "ನಾನು ಕೇಳಿದ್ದು ಯಾವತ್ತಾದ್ರೂ ತಂದಿದೀರಾ? ಬೇಡವಾದದ್ದನ್ನ ಹೇಳಿದ್ರೆ, ಇವಳ ಮಾತಿಗೆ ತಲೆದೂಗಿ ಬೇಕಾದದ್ದನ್ನ ಹಾಕಿಸ್ತೀರಿ ಅಂದ್ಕೊಂಡೆ. ಜೀವಮಾನದಲ್ಲಿ ಒಂದೇ ಒಂದು ಸಲ ನನ್ನ ಮಾತು ನಡೆಸಿದ್ರಿ. ಅದೂ ಇವತ್ತೇ ಆಗ್ಬೇಕಿತ್ತಾ?"

ಅಳಬೇಕೋ ನಗಬೇಕೋ ತಿಳಿಯದೆ ಆಕೆ ಕೋಲು ತಿರುಗಿಸಿ ಕಾರಿನ ಕಡೆ ನಡೆದರು. ಓಡಿಹೋಗಿ ತಡೆಯೋಣವೆಂದರೆ ನಡುವೆ ಹಸಿ ನೆಲ. ರಾಯರು ಸ್ಟೂಲಿನ ಮೇಲೆ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು ನೋಡಿದರು. ಕಾರು ಬೀದಿಯ ತಿರುವಿನಲ್ಲಿ ಮರೆಯಾಯಿತು.

"ಗಾರೆ ಇನ್ನೂ ಹಿಡಿದಿಲ್ಲ, ಈಗ್ಲಾದ್ರೆ ಕೀಳ್ಬಹುದು" ಎಂದ ಟೈಲ್ಸಿನವನು, ಯಾರ ಮುಖವನ್ನೂ ನೋಡದೆ.

ಗೇಟಿನ ಬಳಿಯಿಂದ ಮೇಷ್ಟರು ಮೆಲ್ಲನೆ ಹೊಸ್ತಿಲವರೆಗೆ ಬಂದರು. ಕಂಕುಳಿನ ಬಿಳಿಯ ಟೈಲ್ಸನ್ನು ಕರವಸ್ತ್ರದಿಂದ ಒರೆಸಿದರು. "ಹಾಗಾದ್ರೆ ರಾಯರೇ, ನಂದನ್ನೇ ಹಾಕ್ಸೋಣ್ವಾ?"

ರಾಯರ ಕಣ್ಣು ಬರಿದಾದ ಬೀದಿಯ ಮೇಲೆಯೇ ಇತ್ತು. ಮೇಷ್ಟರು ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ.

"ಆಗಲಿ" ಎಂದರು.

ಟೈಲ್ಸಿನವನು ಸುತ್ತಿಗೆ ಎತ್ತಿಕೊಂಡ.