ಮುಯ್ಯಿಗೆ ಬಂದ ಬಾವಿ

ನಾನು ಸುಮ್ಮನೆ ಕೂತಿದ್ದರೂ ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಹಿಂದೆ ಒಂದು ಸಲ ಹನಗೋಡಿನ ಹತ್ತಿರ ನೀರು ನೋಡಿಕೊಡಲು ಹೋಗಿದ್ದೆ. ನೆಲದಡಿ ನೀರಿದ್ದ ಕಡೆ ನನ್ನ ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಲ್ಲುತ್ತೆ, ಅದು ಎಲ್ಲರಿಗೂ ಗೊತ್ತಿರೋದೇ. ಅವತ್ತು ಎದ್ದು ನಿಂತದ್ದಷ್ಟೇ ಅಲ್ಲ, ಕೈಯಿಂದ ಕೆಳಗಿಳಿದು, ನನ್ನ ಮುಂದೆ ಮುಂದೆ ಹೋಗಿ, ಒಂದು ಕಡೆ ನಿಂತು, ಬಂದನೋ ಇಲ್ಲವೋ ಅಂತ ತಿರುಗಿ ನೋಡಿತು. ಕಾಯಿಗೆ ಕಣ್ಣಿರೋದು ಮತ್ಯಾಕೆ. ಇದನ್ನು ಕಂಡವರು ನನ್ನ ಭಾವ, ಆ ಊರಿನ ಪೂಜಾರಪ್ಪ, ಕುರಿ ಕಾಯುತ್ತಿದ್ದ ಒಬ್ಬ ಮುದುಕ. ಮೂವರೂ ಈಗಿಲ್ಲ. ಕಾಯಿಯನ್ನು ಅವತ್ತೇ ಚಟ್ನಿ ಮಾಡಿಬಿಟ್ಟೆವು.

ನನಗೆ ಓದು ಬರಹ ಬಾರದು. ನಾನು ಹೇಳ್ತಾ ಹೋಗ್ತೀನಿ, ನಮ್ಮೂರ ಪಕ್ಕದ ಅನಾಥಾಶ್ರಮದ ವಾರ್ಡನಮ್ಮ ಬರೆದುಕೊಳ್ತಾರೆ. ಕೂತಿರೋದು ಆಶ್ರಮದ ಅಡುಗೆಮನೆ ಜಗಲಿ ಮೇಲೆ. ಅಡುಗೆಯವಳು ಪಕ್ಕದಲ್ಲೇ ಮೊರ ಇಟ್ಟುಕೊಂಡು ಅಕ್ಕಿ ಆರಿಸ್ತಾ ಇದ್ದಾಳೆ. ಮಧ್ಯೆ ಬಾಯಿ ಹಾಕಬಾರದು ಅಂತ ಅವಳಿಗೆ ಮೊದಲೇ ಹೇಳಿದ್ದೀನಿ.

೧. ಸಾಹೇಬರು ಟೀ ಕುಡಿದದ್ದು

ಆಶ್ರಮದಲ್ಲಿದ್ದದ್ದು ಒಂದು ಹಳೇ ಬೋರ್‌ವೆಲ್. ನೀರು ಬರುತ್ತಿತ್ತು, ಬರಲಿಲ್ಲ ಅಂತ ನಾನು ಹೇಳೋದಿಲ್ಲ. ಆದರೆ ತುಕ್ಕಿನ ಬಣ್ಣ, ತುಕ್ಕಿನ ವಾಸನೆ. ಬರೀ ಅನ್ನ ಮಾಡಿದರೂ ಹೊಸದಾಗಿ ಬಂದ ಮಕ್ಕಳು ಚಿತ್ರಾನ್ನ ಅಂತ ನಂಬಿ ಕಡಲೆಬೀಜ ಹುಡುಕುತ್ತಿದ್ದವು. ಹೊಟ್ಟೆನೋವು ಅಂತ ಯಾರಾದರೊಬ್ಬರು ಹುಣಸೂರಿನ ಆಸ್ಪತ್ರೆಗೆ ಹೋಗಿ ಬರುವುದು ಇದ್ದೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಇಲಾಖೆಯ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಡುಗೆಯವಳು ಮರ್ಯಾದೆಗೆ ಟೀ ಕೊಟ್ಟಳು. ಆ ನೀರಿಗೆ ಟೀಪುಡಿ ಬಿದ್ದರೆ ಮಸಿಯಂತೆ ಕಪ್ಪಾಗುತ್ತೆ, ಹಾಲು ಹಾಕಿದರೆ ಬೂದಿ ಬಣ್ಣಕ್ಕೆ ಬರುತ್ತೆ. ಸಾಹೇಬರು ಒಂದು ಗುಟುಕು ಕುಡಿದು, ಇದು ಯಾವ ಕಾಯಿಲೆಗೆ ಕೊಡುವ ಕಷಾಯ ಅಂತ ಕೇಳಿದರು. ಟೀ ಸಾರ್ ಅಂದಳು. ಬಾಯಿ ಮುಕ್ಕಳಿಸಲು ನಲ್ಲಿ ಹತ್ತಿರ ಹೋದರು. ನಲ್ಲಿ ಒಂದೆರಡು ಸಲ ಕೆಮ್ಮಿ, ಹೊಟ್ಟೆಯಲ್ಲಿದ್ದ ತುಕ್ಕನ್ನೆಲ್ಲ ಅವರ ಎದೆಗೆ ಉಗಿಯಿತು.

ಅವರು ಕೋಪ ಮಾಡಿಕೊಳ್ಳಲಿಲ್ಲ. ಅದೇ ನಮಗೆ ಭಯವಾದದ್ದು. ವಾರ್ಡನಮ್ಮನಿಗೆ ಮೆತ್ತಗೆ ಹೇಳಿದರು: "ಸ್ಕೂಲು ಶುರುವಾಗೋದರೊಳಗೆ ಕುಡಿಯೋ ನೀರು ಸರಿಯಾಗಬೇಕು ಮೇಡಂ. ಇಲ್ಲದಿದ್ದರೆ ಮಕ್ಕಳನ್ನ ಮೈಸೂರು, ಮಂಡ್ಯ ಅಂತ ಬೇರೆ ಬೇರೆ ಹಾಸ್ಟೆಲ್‌ಗೆ ಹಂಚಬೇಕಾಗುತ್ತೆ."

ಹಂಚುವುದು ಅಂದರೇನು ಅಂತ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿ ಅಕ್ಕ ತಂಗಿ ಇಬ್ಬರಿದ್ದರು. ಅವತ್ತಿನಿಂದ ತಂಗಿ ಅಕ್ಕನ ಜಡೆ ಹಿಡಿದುಕೊಂಡೇ ಓಡಾಡತೊಡಗಿತು, ಬಚ್ಚಲಿಗೆ ಹೋದರೂ ಬಿಡಲಿಲ್ಲ. ನಮ್ಮೆಲ್ಲರ ಮುಖ ಬಾಡಿಹೋಯಿತು. ಸಾಹೇಬರು ಮಾತ್ರ ಬಿಳಿ ಅಂಗಿಯಲ್ಲಿ ಬಂದವರು, ಹದವಾಗಿ ಬೆಂದ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿ ಜೀಪು ಹತ್ತಿದರು. ಹರಾಜಿಗೆ ಇಟ್ಟಿದ್ದರೆ ಆ ವರ್ಷ ಅವರಿಗೆ ಒಳ್ಳೇ ರೇಟು ಬರುತ್ತಿತ್ತು.

೨. ಕಾಯಿ ಎದ್ದು ನಿಂತದ್ದು

ತೆರೆದ ಬಾವಿ ತೋಡಿಸೋಣ, ಹೊಳೆ ಹತ್ತಿರವಿದೆ, ಮೇಲಿನ ನೀರು ಸಿಹಿಯಾಗಿರುತ್ತೆ ಅಂತ ಹೇಳಿದವರು ಹುಣಸೂರಿನ ಹಾಸಿಗೆ ಸಾಬರು. ಹತ್ತಿ ಹಾಸಿಗೆ ಹೊಲಿಯೋದು ಅವರ ಮನೆತನದ ಕಸುಬು. ಆಶ್ರಮದ ಮಕ್ಕಳ ಹಾಸಿಗೆಗಳನ್ನು ಕೂಲಿ ಕೇಳದೆ ಹೊಲಿದುಕೊಡುವ ಮನುಷ್ಯ. ಅವರು ಹೇಳಿದ್ದು ನಾನು ಆಗಲೇ ಯೋಚನೆ ಮಾಡಿಟ್ಟಿದ್ದನ್ನೇ. ಇನ್ನು ಜಾಗ ತೋರಿಸೋಕೆ ನಾನಿರುವಾಗ ಬೇರೆಯವರನ್ನ ಕರೆಯೋದುಂಟಾ.

ಅಡುಗೆಯವಳ ಹತ್ತಿರ ಒಂದು ಕಾಯಿ ಇಸಕೊಂಡೆ. ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಹೊರಟೆ. ನನ್ನ ಹಿಂದೆ ವಾರ್ಡನಮ್ಮ, ಅವರ ಹಿಂದೆ ಕೊಡೆ ಹಿಡಿದ ಸಾಬರು, ಅವರ ಹಿಂದೆ ಮಕ್ಕಳೆಲ್ಲ ಒಂದೊಂದು ಅಂಗೈ ಚಾಚಿಕೊಂಡು. ಒಬ್ಬನ ಅಂಗೈಯಲ್ಲಿ ಈರುಳ್ಳಿ, ಇನ್ನೊಬ್ಬಳ ಅಂಗೈಯಲ್ಲಿ ಚೆಂಡು. ಕಾಯಿ ನನ್ನನ್ನು ದರದರ ಎಳೆದುಕೊಂಡು ಸೀದಾ ಅಡುಗೆಮನೆಗೆ ಹೋಗಿ, ಒಲೆ ಮುಂದೆ ಎದ್ದು ನಿಂತಿತು.

ಅಡುಗೆಯವಳು ಸೌಟು ಹಿಡಿದು ಅಡ್ಡ ನಿಂತಳು. "ಒಲೆ ಕೀಳಕ್ಕೆ ನಾ ಬುಡಾಕಿಲ್ಲ ಕಣ್ ದೊಡ್ಡಪ್ಪ. ನಿಮ್ ಕಾಯ್ಗೆ ಇನ್ನೊಂದ್ ಕಡೆ ಎದ್ದೇಳಕ್ಕೇಳಿ."

ಕಾಯಿಗೆ ಹೇಳಿದೆ. ಕೇಳಿತು. ಎಲ್ಲರ ಕಾಯಿಯೂ ಹಾಗೆ ಹೇಳಿದ ಮಾತು ಕೇಳೋದಿಲ್ಲ. ಹಿತ್ತಲಿಗೆ ಹೋಗಿ ಹುಣಸೆಮರದ ಬುಡದಲ್ಲಿ ಎರಡನೇ ಸಲ ಎದ್ದು ನಿಂತಿತು. ಸಾಬರು ಹತ್ತಿರ ಬಂದು ಬಗ್ಗಿ ನೋಡಿ, "ಗೌಡ್ರೆ, ನಿಮ್ಮ ಹೆಬ್ಬೆರಳು ಕಾಯಿ ಅಡೀಲಿ ಐತಲ್ಲ" ಅಂದರು.

ಕಾಯಿ ಇರೋದು ಕೈ ಮೇಲೆ, ಹೆಬ್ಬೆರಳನ್ನ ಮನೇಲಿ ಬಿಟ್ಟು ಬರೋಕಾಗುತ್ತಾ ಅಂತ ಕೇಳಿದೆ. ಸಾಬರು ಕೊಡೆ ಮಡಿಸಿಕೊಂಡರು.

೩. ಆಟೋದಲ್ಲಿ ಬಾವಿ

ಇನ್ನು ಚಂದಾ. ಸಾಬರ ಲಗೇಜ್ ಆಟೋದಲ್ಲಿ ನಾವಿಬ್ಬರೂ ಹೊರಟೆವು. ಮೊದಲ ಊರಿನಲ್ಲಿ ಧರ್ಮ ಅಂದೆವು. ಜನ ಕೈ ಮುಗಿದು, ಒಳ್ಳೇ ಕೆಲಸ, ಮಾಡಿ ಅಂದರು. ಮುಂದಿನ ಊರಿನಲ್ಲಿ ಪುಣ್ಯ ಅಂದೆವು. ಮಜ್ಜಿಗೆ ಕೊಟ್ಟರು. ಕಂಪಲಾಪುರಕ್ಕೆ ಬರುವ ಹೊತ್ತಿಗೆ ಹೊಟ್ಟೆ ತುಂಬ ಮಜ್ಜಿಗೆ, ಆಟೋ ಖಾಲಿ.

ಅಲ್ಲಿ ಕುರಿ ಸಾಕುವ ಒಬ್ಬನ ಜಗಲಿ ಮೇಲೆ ಕೂತಾಗ ನನ್ನ ಬಾಯಿಂದ ಒಂದು ಮಾತು ಬಂತು: "ಧರ್ಮ ಅನ್ಕೋಬ್ಯಾಡ. ಮುಯ್ಯಿ ಅನ್ಕೋ ಕಣ್ಲಾ."

ಅವನ ಬೆನ್ನು ನೆಟ್ಟಗಾಯಿತು. ನಮ್ಮ ಕಡೆ ಮುಯ್ಯಿ ಅಂದರೆ ಗೊತ್ತಲ್ಲ. ಒಬ್ಬರ ಮನೆ ಕಾರ್ಯಕ್ಕೆ ನೀವು ಏನೋ ಒಯ್ದು ಕೊಟ್ಟರೆ, ನಿಮ್ಮ ಮನೆ ಕಾರ್ಯಕ್ಕೆ ಅವರು ಬಂದು ಅದನ್ನು ತಿರುಗಿಸಲೇಬೇಕು. ತಿರುಗಿಸದಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಮಾತು. ಧರ್ಮ ಕೇಳಿದರೆ ಇಲ್ಲ ಅನ್ನಬಹುದು. ಮುಯ್ಯಿ ಕೇಳಿದರೆ ಇಲ್ಲ ಅನ್ನುವ ಗಂಡಸು ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಅವನು ಒಳಗೆ ಹೋಗಿ ಹೆಂಡತಿ ಜೊತೆ ಪಿಸುಗುಟ್ಟಿ, ಕೊಂಬು ಸುತ್ತಿಕೊಂಡ ಒಂದು ಟಗರನ್ನು ತಂದು ಆಟೋಗೆ ಹತ್ತಿಸಿದ.

ಆಮೇಲೆ ತಡೆಯಲಿಲ್ಲ ಕಣ್ರೀ. ಕೋಟೆ ತಾಲ್ಲೂಕಿನವರು ಶುಂಠಿ ಕೊಟ್ಟರು, ಕೆ.ಆರ್. ನಗರದ ಕಡೆ ಗದ್ದೆಯವರು ಭತ್ತ ಕೊಟ್ಟರು. ಪಿರಿಯಾಪಟ್ಟಣದಲ್ಲಿ ಒಬ್ಬರು ಹಳೇ ಮನೆ ಕೆಡವಿದ್ದ ಬಾಗಿಲ ಚೌಕಟ್ಟು ಹೊತ್ತು ತಂದರು. ಬಾವಿಗೆ ಚೌಕಟ್ಟು ಯಾಕೆ ಅಂದಿದ್ದಕ್ಕೆ, ಇರಲಿ, ಮುಂದೆ ಬೇಕಾಗಬೋದು ಅಂದರು. ಓಲಗದವನೊಬ್ಬ, ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ ಅಂತ ಆಟೋ ಮುಂದೆ ನಿಂತು ಬೆವರು ಕಿತ್ತುಬರುವ ತನಕ ಓಲಗ ಊದಿದ. ಇದನ್ನ ಎಲ್ಲಿ ಕಟ್ಟಿಡೋದು ಅಂತ ಸಾಬರಿಗೆ ಚಿಂತೆ.

ಸುತ್ತು ಮುಗಿಸಿ ತಿರುಗಿ ಬರುವಾಗ ವೀರನಹೊಸಹಳ್ಳಿ ಹತ್ತಿರ ಕಾಡಿನ ಗಾರ್ಡು ಕೈ ಅಡ್ಡ ಹಾಕಿದ. ಏನು ಲೋಡು ಅಂತ ಕೇಳಿದ. ಸಾಬರು ಸುಳ್ಳು ಹೇಳದ ಮನುಷ್ಯ. "ಬಾವಿ ಸ್ವಾಮಿ" ಅಂದರು.

ಗಾರ್ಡು ಟಾರ್ಪಾಲು ಎತ್ತಿದ. ಒಳಗೆ ಬಾಗಿಲ ಚೌಕಟ್ಟಿನಲ್ಲಿ ತಲೆ ತೂರಿಸಿಕೊಂಡು ಟಗರು ನಿಂತಿತ್ತು, ಅದರ ಪಕ್ಕದಲ್ಲಿ ಕುಂಬಳಕಾಯಿ ತಬ್ಬಿಕೊಂಡು ನಾನು. ಅವನು ಟಗರನ್ನೂ ನನ್ನನ್ನೂ ನೋಡಿ, "ಇದು ಬಾವಿನಾ?" ಅಂದ.

"ಇನ್ನೂ ಜೋಡಿಸಿಲ್ಲ" ಅಂದೆ.

೪. ಕೆಳಗಿನಿಂದ ಎರಡನೇ ರಿಂಗು

ಬೇಸಿಗೆಯಲ್ಲಿ ಬಾವಿ ತೋಡುವವರು ಬಂದರು. ಮೊದಲು ಒಂದು ಸಣ್ಣ ಗುಂಡಿ ತೋಡಿದರು, ಕೈ ಕುದುರಲಿ ಅಂತ. ಆಮೇಲೆ ನಿಜವಾದ ಬಾವಿ ತೋಡಿದರು. ನೀರು ಬಂದ ಪರಿ ಏನು ಹೇಳಲಿ. ತಳದಲ್ಲಿದ್ದವನು ಏಣಿ ಇಳಿಸಿ ಅಂತ ಕೂಗಿದ. ಏಣಿ ತರುವುದರೊಳಗೆ ನೀರೇ ಅವನನ್ನು ಎತ್ತಿ ತಂದು ದಡದ ಮೇಲೆ ಕೂರಿಸಿತು. ಬಾಯಲ್ಲಿದ್ದ ಬೀಡಿ ಆರಿರಲಿಲ್ಲ.

ಇಲ್ಲಿ ಅಡುಗೆಯವಳು ಕೆಮ್ಮಿದಳು. ಅಕ್ಕಿ ಧೂಳಿರಬೇಕು.

ಬಾವಿ ಒಳಗೋಡೆಗೆ ಸಿಮೆಂಟಿನ ರಿಂಗು ಇಳಿಸಬೇಕು. ಬಂದ ಮುಯ್ಯಿಯನ್ನೆಲ್ಲ ಸಂತೆಗೆ ಹಾಕಿ ರಿಂಗು ತಂದೆವು. ಟಗರನ್ನು ಮಾತ್ರ ಮಕ್ಕಳು ಬಿಟ್ಟುಕೊಟ್ಟಿರಲಿಲ್ಲ, ಹಿತ್ತಲಲ್ಲಿ ಕಟ್ಟಿಕೊಂಡು ತಮ್ಮ ಪಾಲಿನ ಹುರುಳಿಕಾಳು ತಿನ್ನಿಸುತ್ತಿದ್ದವು. ಕೊನೆಗೆ ರಿಂಗು ಕಡಿಮೆ ಬಿತ್ತು, ಟಗರನ್ನೂ ಸಂತೆಗೆ ಹೊಡೆದುಕೊಂಡು ಹೋಗಬೇಕಾಯಿತು. ಅವತ್ತು ಮಕ್ಕಳು ಉಣ್ಣಲಿಲ್ಲ.

ಬಾವಿ ಆಯಿತು ಅಂತ ಸುದ್ದಿ ಹೋದದ್ದೇ ತಡ, ಕೊಟ್ಟವರೆಲ್ಲ ತಮ್ಮ ಮುಯ್ಯಿ ಎಲ್ಲಿ ಸೇರಿತು ಅಂತ ನೋಡಲು ಬಂದರು. ಟಗರಿನವನು ಸುತ್ತಮುತ್ತ ಹುಡುಕಿ, "ನನ್ ಟಗರೆಲ್ಲಿ ಗೌಡ?" ಅಂದ. ಅವನ ತಲೆ ಹಿಡಿದು ಬಾವಿಯೊಳಕ್ಕೆ ಬಗ್ಗಿಸಿ, ಕೆಳಗಿನಿಂದ ಎರಡನೇ ರಿಂಗು ಅಂತ ತೋರಿಸಿದೆ. ಶುಂಠಿಯವರಿಗೆ ಅದರ ಮೇಲಿನ ರಿಂಗು, ಭತ್ತದವರಿಗೆ ದಡದ ಹತ್ತಿರದ್ದು. ಓಲಗದವನೂ ಬಂದು ತನ್ನದು ಯಾವುದು ಅಂತ ಕೇಳಿದ. ನಾನು ಬಾವಿಯೊಳಗೆ ಮುಖ ಹಾಕಿ ಒಂದು ಕೂಗು ಹಾಕಿದೆ. ತಿರುಗಿ ಕೇಳಿಸಿತು. ಅದೇ ನಿನ್ನದು ಅಂದೆ. ಖುಷಿಯಾಗಿ ಹೋದ.

ಟಗರಿನವನು ಮಾತ್ರ ಬಹಳ ಹೊತ್ತು ಎರಡನೇ ರಿಂಗನ್ನೇ ನೋಡುತ್ತಾ ನಿಂತಿದ್ದ. ಹೊರಡುವಾಗ ಪಂಚೆ ಮಡಿಲಿಂದ ಒಂದು ಹಿಡಿ ಹುರುಳಿಕಾಳು ತೆಗೆದು ಬಾವಿಗೆ ಹಾಕಲು ಹೋದ. ಅಡುಗೆಯವಳು ಓಡಿ ಬಂದು ಕೈ ಹಿಡಿದುಕೊಂಡಳು.

೫. ನಾಲ್ಕು ತಾಲ್ಲೂಕಿನ ನೆಂಟರು

ಯುಗಾದಿ ಕಳೆದು ಮದುವೆಗಳು ಶುರುವಾದವು. ಆಶ್ರಮಕ್ಕೆ ಲಗ್ನಪತ್ರಿಕೆಗಳು ಬರತೊಡಗಿದವು. ಪತ್ರಿಕೆ ಕೊಡಲು ಗಂಡಹೆಂಡತಿ ಜೋಡಿಯಾಗಿ ಬಂದು, ಅಕ್ಷತೆ ಕುಂಕುಮ ಇಟ್ಟು, ತಪ್ಪಿಸಬಾರದು ಅಂತ ಹೇಳಿ ಹೋಗುತ್ತಿದ್ದರು. ಪಾಪ ವಾರ್ಡನಮ್ಮ, ಎಷ್ಟು ಒಳ್ಳೇ ಜನ ಅಂತ ಸಂತೋಷಪಟ್ಟರು. ನನಗೆ ಅರ್ಥವಾಯಿತು. ಕೆಲವು ದಿನ ಆ ಕಡೆ ತಲೆ ಹಾಕಲಿಲ್ಲ.

ಮುಯ್ಯಿ ತಿರುಗಿಸಬೇಕಲ್ಲ. ಆಶ್ರಮದವರು ಟಗರು ಎಲ್ಲಿಂದ ತರೋದು, ಓಲಗ ಯಾರು ಊದೋದು. ವಾರ್ಡನಮ್ಮ ನನ್ನನ್ನು ಮನೆಯಿಂದ ಹಿಡಿದು ತರಿಸಿ ಜಗಲಿ ಮೇಲೆ ಕೂರಿಸಿದರು. ನಾನು ದೀರ್ಘವಾಗಿ ಯೋಚನೆ ಮಾಡುತ್ತಿದ್ದೆ. ಅಷ್ಟರಲ್ಲಿ ಅಡುಗೆಯವಳು ಹೇಳಿಬಿಟ್ಟಳು: "ನಮ್ ತಾವ ಇರಾದು ನೀರೇ ಅಲ್ವಾ. ಅದ್ನೇ ಒತ್ಕಂಡೋಗನ."

ಹಾಗೇ ಆಯಿತು. ತಾಮ್ರದ ಬಿಂದಿಗೆ ತುಂಬ ಬಾವಿ ನೀರು, ಬಾಯಿಗೆ ವೀಳ್ಯದೆಲೆ, ತಲೆ ಮೇಲೆ ಸಾಬರು ಹತ್ತಿ ತುಂಬಿ ಹೊಲಿದುಕೊಟ್ಟ ಸಿಂಬೆ. ಎಣ್ಣೆ ಹಾಕಿ ಬಾಚಿದ ಮಕ್ಕಳ ತಲೆಗಳ ಸಾಲು ಮದುವೆಮನೆಗೆ ಹೋಗಿ, ಅಡುಗೆ ಹಂಡೆಗೆ ಆ ನೀರು ಸುರಿದು, ಮುಯ್ಯಿ ಮುಟ್ಟಿತು ಅಂತ ಹೇಳಿ, ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿತ್ತು. ಜನರಿಗೆ ಹಿಡಿಸ್ತು ನೋಡಿ. ಒಂದು ಮನೆಯವರಂತೂ ಆಶ್ರಮದ ನೀರು ಬರುವ ತನಕ ಎಸರೇ ಇಡುವುದಿಲ್ಲ ಅಂತ ಕೂತರು. ಆಟೋ ಕೆಟ್ಟು ಮಕ್ಕಳು ತಡವಾಗಿ, ಗಂಡಿನ ಕಡೆಯವರು ತಾಳಿ ಕಟ್ಟಿಸಿ ಮಧ್ಯಾಹ್ನದವರೆಗೆ ಪಾನಕದಲ್ಲೇ ಇದ್ದರು.

ಸ್ಕೂಲು ಶುರುವಾಗುವುದಕ್ಕೆ ಮುಂಚಿನ ಭಾನುವಾರ ಸಾಹೇಬರು ಬಂದರು. ಈ ಸಲ ಮುಂಜಾಗ್ರತೆಗೆ ಕಂದು ಬಣ್ಣದ ಅಂಗಿ. ನೀರು ಹಿಡಿಯಲು ಕೈಯಲ್ಲಿ ಹೊಸಾ ಸ್ಟೀಲ್ ಕ್ಯಾನು. ನೋಡಿದರೆ ಆಶ್ರಮದಲ್ಲಿ ಒಂದು ಮಗುವೂ ಇಲ್ಲ. ಮಕ್ಕಳೆಲ್ಲಿ ಅಂತ ಕೇಳಿದರು. ನೆಂಟರ ಮನೆಗೆ ಹೋಗಿದ್ದಾರೆ ಅಂದಳು ಅಡುಗೆಯವಳು.

"ಅನಾಥ ಮಕ್ಕಳಿಗೆ ಯಾವ ನೆಂಟರಮ್ಮ?"

"ಇವತ್ತು ಕಂಪಲಾಪುರ್ದೋರು. ನಾಳೀಕೆ ಕೋಟೆಯೋರು."

ಸಾಹೇಬರು ನನ್ನನ್ನು ಜೀಪಿಗೆ ಹತ್ತಿಸಿಕೊಂಡು ಕಂಪಲಾಪುರಕ್ಕೆ ಹೊರಟರು. ಟಗರಿನವನ ಮಗಳ ಮದುವೆ ಅದು. ಮೊದಲ ಪಂಕ್ತಿ ಪೂರ್ತಿ ನಮ್ಮ ಮಕ್ಕಳೇ. ಅಕ್ಕ ತಂಗಿ ಅಕ್ಕಪಕ್ಕದ ಎಲೆಯಲ್ಲಿದ್ದರು. ತಂಗಿ ಬಲಗೈಯಲ್ಲಿ ಪಾಯಸ ಬಾಯಿಗೆ ಸುರಿದುಕೊಳ್ಳುತ್ತಿತ್ತು, ಎಡಗೈಯಲ್ಲಿ ಜಡೆ. ಸಾಹೇಬರು ಹಾಸ್ಟೆಲ್ಲು, ಹಂಚೋದು ಅಂತ ಏನೋ ಶುರುಮಾಡಿದರು. ಟಗರಿನವನು ಬಡಿಸುತ್ತಿದ್ದ ಬಕೆಟ್ಟು ಕೆಳಗಿಟ್ಟ.

"ಯಾರ್ನ ಯಾವೂರ್ಗೆ ಅಂಚ್ತೀರಿ ಸ್ವಾಮಿ? ಇವ್ರು ನಮ್ ಮುಯ್ಯಿ ನೆಂಟ್ರು. ಕಳ್ಸಾದಾದ್ರೆ ನಾಕ್ ತಾಲ್ಲೂಕಿನ್ ನೆಂಟ್ರೂ ಕೂತ್ಕಂಡ್ ಮಾತಾಡ್ಬೇಕು."

ತಂಗಿ ಪಾಯಸ ನಿಲ್ಲಿಸಿ ಸಾಹೇಬರ ಬಾಯಿಯನ್ನೇ ನೋಡುತ್ತಿತ್ತು. ಅವರನ್ನೂ ಒಂದು ಎಲೆ ಮುಂದೆ ಕೂರಿಸಿದರು. ಲೋಟಕ್ಕೆ ನೀರು ಬಂತು. ಬೆಳಕಿಗೆ ಹಿಡಿದು ನೋಡಿದರು, ಕುಡಿದರು, ಇನ್ನೊಂದು ಲೋಟ ಕೇಳಿದರು. ಊಟ ಮಾಡಿ ಬರಿಗೈಲಿ ಎದ್ದು ಹೋಗೋದು ಹೇಗೆ ಅಂತ ಸಂಕೋಚವಾಗಿರಬೇಕು, ಕೈಯಲ್ಲಿದ್ದ ಸ್ಟೀಲ್ ಕ್ಯಾನನ್ನೇ ಮದುಮಗಳಿಗೆ ಮುಯ್ಯಿ ಕೊಟ್ಟುಬಿಟ್ಟರು. ಪರೀಕ್ಷೆಯ ನೀರನ್ನು ಬಾಟಲಿಯಲ್ಲಿ ಒಯ್ದರು. ಅದೂ ಪಾಸಾಗಿ ಬಂತು. ಮಕ್ಕಳು ಇಲ್ಲೇ ಉಳಿದವು.

ಈಗ ಮೈಸೂರಲ್ಲಿ ಸಾಹೇಬರ ಹೊಸ ಮನೆಯ ಗೃಹಪ್ರವೇಶವಂತೆ. ಆಶ್ರಮಕ್ಕೆ ಕರೆ ಬಂದಿದೆ. ಮಕ್ಕಳನ್ನು ಮೈಸೂರಿಗೆ ಕಳಿಸಬೇಕು ಅಂದವರು ಅವರೇ ಅಲ್ಲವೇ. ಹೋಗ್ತಾರೆ, ಊಟಕ್ಕೆ.

೬. ಕಾಯಿಯೊಳಗೆ

ಇಷ್ಟೆಲ್ಲ ಆದದ್ದು ಯಾತರಿಂದ ಅಂದರೆ, ಹುಣಸೆಮರದ ಬುಡದಲ್ಲಿ ನನ್ನ ಕಾಯಿ ಎದ್ದು ನಿಂತದ್ದರಿಂದ. ಇದನ್ನ ದಪ್ಪ ಅಕ್ಷರದಲ್ಲಿ ಬರೀರಿ ಅಂದೆ. ವಾರ್ಡನಮ್ಮ ಬರೆಯದೆ ಅಡುಗೆಯವಳ ಮುಖ ನೋಡಿದರು. ಅವಳು ಮೊರ ಕೆಳಗಿಟ್ಟಳು.

"ದೊಡ್ಡಪ್ಪ, ಉಣ್ಸೆಮರದ ಬುಡ್ದಲ್ಲಿ ಸಿಕ್ಕಿದ್ದು ಬಂಡೆ. ಆ ಗುಂಡೀಲಿ ಈಗ ನಾನು ಬಾಳೆ ಆಕಿವ್ನಿ. ಬಾವಿ ಇರಾದು ಬೇಲಿ ತಾವ. ಟಗರು ತಂಪು ನೋಡ್ಕಂಡು ದಿನಾ ಅಗ್ಗ ಜಗ್ಗಿ ಓಗಿ ಮನಿಕತಿತ್ತಲ್ಲ, ಅಲ್ಲಿ."

ಬಂಡೆ ಕೆಳಗೂ ನೀರಿತ್ತು, ತೋಡುವವರು ಬೇಗ ಕೈಬಿಟ್ಟರು ಅಂದೆ.

"ಇನ್ನೊಂದ್ ಯೋಳ್ತೀನಿ" ಅಂದಳು. "ನಿಮ್ ಕಾಯ್ನ ಚಟ್ನಿಗೆ ಅಂತ ಒಡ್ದೋಳು ನಾನೇಯ. ಒಳ್ಗೆ ಒಂದ್ ತೊಟ್ಟೂ ನೀರಿರ್ನಿಲ್ಲ."

ವಾರ್ಡನಮ್ಮ ಬಾಯಿಗೆ ಸೆರಗು ಇಟ್ಟುಕೊಂಡರು. ನಾನು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡೆ.

"ಅದ್ಕೇ ಕಣವ್ವ ಅದು ಅಂಗೆ ನೀರ್ ಉಡುಕ್ಕಂಡ್ ಓಡಿದ್ದು."